ಜಮಾ ಮಂತ್ರಕ್ಕೆ, ಖರ್ಚು ಹಣೆಬರಹಕ್ಕೆ

ನಮ್ಮೂರ ಮಂತ್ರದಜ್ಜ ದುಡ್ಡು ಮುಟ್ಟುತ್ತಿರಲಿಲ್ಲ. ಹಾವು ಕಚ್ಚಿದವರಿಗೆ ಮಂತ್ರ ಹಾಕಿ ಕಾಸು ಈಸಿಕೊಂಡರೆ ಮಂತ್ರ ಕೈಬಿಟ್ಟು ಹೋಗುತ್ತದೆ ಎಂದು ಅವನ ಗುರು ಹೇಳಿದ್ದನಂತೆ. ಇನ್ನೂ ಕೆಲವು ಕಟ್ಟುಪಾಡುಗಳಿದ್ದವು. ಪಡವಲಕಾಯಿ ತಿನ್ನುವಂತಿಲ್ಲ. ಯಾರಾದರೂ ಓಡಿಬಂದು ‘ಹುಳ ಮುಟ್ಟೈತೆ’ ಎಂದರೆ ಉಣ್ಣುತ್ತಿದ್ದರೂ ತುತ್ತನ್ನು ತಟ್ಟೆಗೆ ಬಿಟ್ಟು ಏಳಬೇಕು. (ಹುಳ ಎಂದರೆ ಹಾವೇ. ರಾತ್ರಿ ಹೊತ್ತು ಅದರ ಹೆಸರೆತ್ತಬಾರದು.) ಸರಿರಾತ್ರಿಯಾಗಲಿ, ಮಳೆ ಹೊಯ್ಯುತ್ತಿರಲಿ, ಕರೆದವರು ಯಾವ ಜಾತಿಯವರೇ ಆಗಿರಲಿ, ಹೋಗಲೇಬೇಕು. ಆ ಕಾಲಕ್ಕೆ ಊರಿನ ಎಲ್ಲ ಕೇರಿಗಳ ಎಲ್ಲ ಮನೆಗಳ ಹೊಸಲು ದಾಟಿದ್ದ ಒಬ್ಬನೇ ಮನುಷ್ಯ ಅವನಿರಬೇಕು.

ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮಾಟ, ಮಂತ್ರ, ದೆವ್ವ, ಗಾಳಿ ಇವುಗಳ ನಂಬಿಕೆಯಿಂದ ಕೇಡಿದೆಯೇ ಎಂಬ ಮಾತು ಬಂದಾಗಲೆಲ್ಲ ನಾವು ಒಬ್ಬ ಕಳ್ಳಸ್ವಾಮಿಯನ್ನು ಎದುರಿಗೆ ನಿಲ್ಲಿಸಿಕೊಂಡು ಬೈಯತೊಡಗುತ್ತೇವೆ. ಬೈಯುವುದು ಸುಲಭ. ಕಳ್ಳನಿಗೆ ತಾನು ಕಳ್ಳನೆಂಬುದು ಗೊತ್ತಿರುತ್ತದೆ, ಪೊಲೀಸರ ಭಯವಾದರೂ ಇರುತ್ತದೆ. ನಾನು ಹತ್ತಿರದಿಂದ ಕಂಡ ಕೇಡು ನಡೆದದ್ದು ಒಬ್ಬ ಸತ್ಯವಂತನ ಕೈಯಲ್ಲಿ.

ಅಜ್ಜನ ಹತ್ತಿರ ಒಂದು ಪರೀಕ್ಷೆಯಿತ್ತು. ಕಚ್ಚಿಸಿಕೊಂಡವರ ಬಾಯಿಗೆ ಒಂದು ಹಸಿಮೆಣಸಿನಕಾಯಿ ಕೊಟ್ಟು ಅಗಿಯಲು ಹೇಳುತ್ತಿದ್ದ. ಖಾರ ಹತ್ತಿ ಹಾ ಹೂ ಎಂದರೆ ವಿಷ ಏರಿಲ್ಲ. ‘ಏನೂ ಗೊತ್ತಾಗ್ತಿಲ್ಲ, ಸಪ್ಪೆ’ ಎಂದರೆ ಏರಿದೆ. ಆಮೇಲೆ ಬೇವಿನ ಕೊಂಬೆ ಹಿಡಿದು ತಲೆಯಿಂದ ಕಾಲಿನವರೆಗೆ ಇಳಿಸುತ್ತಾ ತುಟಿಯಲ್ಲೇ ಮಂತ್ರ. ಒಂದು ಗಂಟೆ, ಕೆಲವು ಸಲ ಬೆಳಗಿನವರೆಗೆ. ಎಷ್ಟೋ ಜನ ಎದ್ದು, ಮುಖ ತೊಳೆದುಕೊಂಡು, ಕಾಫಿ ಕುಡಿದು ನಡೆದೇ ಮನೆಗೆ ಹೋದದ್ದನ್ನು ನಾನೇ ನೋಡಿದ್ದೇನೆ.

ಅದರಲ್ಲಿ ಮೋಸವಿರಲಿಲ್ಲ. ನಮ್ಮ ದೇಶದಲ್ಲಿರುವ ಹಾವುಗಳಲ್ಲಿ 300ಕ್ಕೂ ಹೆಚ್ಚು ಜಾತಿಗಳಿವೆ. ವಿಷದ್ದು 60ರ ಆಸುಪಾಸು. ಅದರಲ್ಲೂ ಹೊಲಮನೆಗಳ ಹತ್ತಿರ ಸುಳಿದಾಡಿ ಹೆಚ್ಚು ಜನರ ಜೀವ ತೆಗೆಯುವವು ನಾಲ್ಕೇ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕತ್ತಲಲ್ಲಿ ಕಾಲಿಗೆ ಬಾಯಿ ಹಾಕಿ ಸರಿದುಹೋದದ್ದು ಕೇರೆಯೋ ನೀರೊಳ್ಳೆಯೋ ತೋಳಹಾವೋ ಆಗಿರುವ ಸಂಭವವೇ ಹೆಚ್ಚು. ನಾಗರಹಾವೇ ಕಚ್ಚಿದರೂ ಪ್ರತಿಸಲ ವಿಷ ಬಿಡುತ್ತದೆ ಎಂದೇನಿಲ್ಲ. ಬರೀ ಹಲ್ಲು ನಾಟಿ, ವಿಷ ಇಳಿಸದೆ ಹೋಗುವುದೂ ಉಂಟು. ಹೀಗಾಗಿ ಅಜ್ಜನ ಜಗುಲಿಗೆ ಹತ್ತು ಜನ ಬಂದರೆ, ಅಜ್ಜ ಆ ಹೊತ್ತು ಗೊರಕೆ ಹೊಡೆಯುತ್ತಾ ಮಲಗಿದ್ದರೂ ಬಹಳಷ್ಟು ಮಂದಿ ಬದುಕುತ್ತಿದ್ದರು. ಮಂತ್ರ ಕೆಲಸ ಮಾಡುತ್ತದೆ ಎಂದು ಅಜ್ಜ ನಂಬಿದ್ದು ಮೂಢತನದಿಂದಲ್ಲ. ಕಣ್ಣಾರೆ ಕಂಡು ನಂಬಿದ್ದ. ತನ್ನ ಮುಂದೆಯೇ ಎದ್ದು ಹೋದವರ ಮುಖಗಳು ಅವನಿಗೆ ನೆನಪಿದ್ದವು.

1984ರ ಆಷಾಢ. ನಾನಾಗ ಏಳನೇ ಕ್ಲಾಸು. ನಮ್ಮ ಚಿಕ್ಕಪ್ಪನ ಮಗನಿಗೆ ಒಂಬತ್ತು ವರ್ಷ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ನಾವು ನಾಲ್ಕು ಹುಡುಗರು ಸಾಲಾಗಿ ಮಲಗಿದ್ದೆವು. ಅವನು ಗೋಡೆಯ ಕಡೆಗೆ, ರಾಗಿ ಚೀಲಗಳ ಪಕ್ಕ. ಬೆಳಗಿನ ಜಾವ ಮೂರರ ಹೊತ್ತಿಗೆ ಎದ್ದು ಕೂತು ಹೊಟ್ಟೆನೋವು ಎಂದ. ಅಜ್ಜಿ ಓಂಕಾಳು ಜಗಿಯಲು ಕೊಟ್ಟಳು. ಸ್ವಲ್ಪ ಹೊತ್ತಿಗೆ ಗಂಟಲು ನೋವು ಎಂದ. ಆಮೇಲೆ ಮಾತು ತೊದಲತೊಡಗಿತು, ಬಾಯಿಂದ ಜೊಲ್ಲು. ಮೈಮೇಲೆ ಎಲ್ಲೂ ಗಾಯವಿಲ್ಲ, ಊತವಿಲ್ಲ. ಹುಳ ಮುಟ್ಟಿದ್ದರೆ ಗುರುತಿರಬೇಕಿತ್ತಲ್ಲ? ಹಿಂದಿನ ಸಂಜೆ ಅವನು ಹುಣಿಸೆಮರದ ಹತ್ತಿರ ಒಬ್ಬನೇ ಹೋಗಿದ್ದ ಎಂಬುದು ಯಾರಿಗೋ ನೆನಪಾಯಿತು. ಗಾಳಿ ಸೋಕಿದೆ ಎಂದರು. ಅಜ್ಜನಿಗೆ ಕರೆಹೋಯಿತು.

ಅಜ್ಜ ಬಂದ, ಮೆಣಸಿನಕಾಯಿ ಕೊಟ್ಟ. ಹುಡುಗನಿಗೆ ಅಗಿಯಲು ಆಗಲಿಲ್ಲ. ಬೇವಿನ ಸೊಪ್ಪು ಇಳಿಸಿದ. ಲಾಂದ್ರದ ಬೆಳಕಿನಲ್ಲಿ ನನಗೆ ಕಂಡದ್ದು ಹುಡುಗನ ರೆಪ್ಪೆಗಳು ಮಾತ್ರ. ಮೆಲ್ಲಗೆ, ಅಂಗಡಿಯ ಬಾಗಿಲು ಎಳೆದ ಹಾಗೆ, ಇಳಿಯುತ್ತಿದ್ದವು. ಎಬ್ಬಿಸಲು ನೋಡಿದರೂ ಏಳಲೊಲ್ಲವು. ‘ನಿದ್ದೆ ಬರ್ತಾ ಐತೆ, ಇನ್ನು ಭಯ ಇಲ್ಲ, ಮಲಗಿಸಿ’ ಎಂದ ಅಜ್ಜ. ಅಜ್ಜಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಮನೆ ನಿಟ್ಟುಸಿರುಬಿಟ್ಟಿತು. ಬೆಳಕು ಹರಿಯುವಷ್ಟರಲ್ಲಿ ಹುಡುಗ ಉಸಿರು ನಿಲ್ಲಿಸಿದ್ದ.

ಚೀಲಗಳನ್ನು ಎತ್ತಿದಾಗ ಕಟ್ಟುಹಾವು ಸಿಕ್ಕಿತು. ಮಿರುಗುವ ಕಪ್ಪು ಮೈ, ಅಡ್ಡಕ್ಕೆ ಬಿಳಿ ಗೆರೆಗಳು. ಅದರ ಹಲ್ಲು ಎಷ್ಟು ಸಣ್ಣದೆಂದರೆ ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನೋವಿಲ್ಲ, ಊತವಿಲ್ಲ. ರಾತ್ರಿ ನೆಲದ ಮೇಲೆ ಮಲಗಿದವರಿಗೇ ಅದು ಹೆಚ್ಚಾಗಿ ಕಚ್ಚುವುದು. ವಿಷ ನರಗಳ ಅಪ್ಪಣೆ ಸ್ನಾಯುಗಳಿಗೆ ತಲುಪದಂತೆ ತಡೆಯುತ್ತದೆ. ಮೊದಲು ಹೊಟ್ಟೆನೋವು, ಆಮೇಲೆ ರೆಪ್ಪೆ, ನಾಲಿಗೆ, ಗಂಟಲು, ಕೊನೆಗೆ ಉಸಿರಾಟದ ಸ್ನಾಯುಗಳು ಒಂದೊಂದಾಗಿ ಸೋಲುತ್ತವೆ. ನಾವು ನಿದ್ದೆ ಎಂದುಕೊಂಡು ದೀಪ ಹಚ್ಚಿದ ಹೊತ್ತಿನಲ್ಲಿ ಹುಡುಗನಿಗೆ ಎಚ್ಚರವಿದ್ದಿರಬಹುದು, ನಮ್ಮ ಮಾತೆಲ್ಲ ಕೇಳಿಸುತ್ತಿದ್ದಿರಬಹುದು. ಇದನ್ನು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಿಳಿಯದಿದ್ದರೇ ಚೆನ್ನಾಗಿತ್ತು ಎನ್ನಿಸುವ ಕೆಲವೇ ಸಂಗತಿಗಳಲ್ಲಿ ಅದೊಂದು.

ತಾಲ್ಲೂಕು ಆಸ್ಪತ್ರೆ ಹದಿನೆಂಟು ಕಿಲೋಮೀಟರ್ ದೂರ. ಪಟೇಲರ ಮನೆಯ ಮುಂದೆ ಜೀಪು ನಿಂತಿತ್ತು. ಕೇಳಿದ್ದರೆ ಕೊಡುತ್ತಿದ್ದರು. ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಆಗಬೇಕಾದ ಕೆಲಸ ಆಗುತ್ತಲೇ ಇತ್ತಲ್ಲ. ನಂಬಿಕೆಯ ಕೇಡು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಆ ನಿಂತ ಜೀಪನ್ನು ತೋರಿಸುತ್ತೇನೆ. ಮಂತ್ರದಿಂದ ಹುಡುಗ ಸಾಯಲಿಲ್ಲ. ಮೂರು ಗಂಟೆ ಹೊತ್ತು ಮಂತ್ರ ಜೀಪಿನ ಜಾಗದಲ್ಲಿ ಕೂತಿತ್ತು.

ಆಮೇಲೆ ಊರು ಆಡಿದ ಮಾತು ಇನ್ನೂ ವಿಚಿತ್ರ. ‘ಅವನ ಆಯಸ್ಸು ಮುಗಿದಿತ್ತು, ಅಜ್ಜ ತಾನೆ ಏನು ಮಾಡಿಯಾನು?’ ಆ ಮಾತು ಕೇಳಿ ಆಗ ನನಗೆ ಸಮಾಧಾನವೇ ಆಗಿತ್ತು. ಈಗ ಅದರಲ್ಲಿ ಒಂದು ಕೆಟ್ಟ ಲೆಕ್ಕದ ಪುಸ್ತಕ ಕಾಣಿಸುತ್ತದೆ. ಬದುಕಿದವರೆಲ್ಲ ಮಂತ್ರದ ಹೆಸರಿನಲ್ಲಿ ಜಮಾ, ಸತ್ತವರೆಲ್ಲ ಹಣೆಬರಹದ ಹೆಸರಿನಲ್ಲಿ ಖರ್ಚು. ಇಂಥ ಪುಸ್ತಕ ಇಟ್ಟ ಅಂಗಡಿ ನೂರು ವರ್ಷ ನಡೆದರೂ ನಷ್ಟ ತೋರಿಸುವುದಿಲ್ಲ. ಮೆಣಸಿನಕಾಯಿ ಪರೀಕ್ಷೆಯೂ ಹಾಗೇ. ಅದು ಸುಳ್ಳಾದ ದಿನ, ಸುಳ್ಳಾಯಿತು ಎಂದು ಬರೆದಿಟ್ಟವರು ಯಾರೂ ಇರಲಿಲ್ಲ.

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು ಸಾವಿನ ಕಾರಣಗಳನ್ನು ಮನೆಮನೆಗೆ ಹೋಗಿ ಕೇಳಿ ಮಾಡಿದ ದೊಡ್ಡ ಅಧ್ಯಯನವೊಂದು ಲೆಕ್ಕ ಹಾಕಿತು. ಬಹುಪಾಲು ಹಳ್ಳಿಗಳಲ್ಲಿ, ಆಸ್ಪತ್ರೆಯ ಹೊರಗೆ. ಸರ್ಕಾರಿ ಕಡತಗಳಲ್ಲಿ ಇದ್ದದ್ದು ಇದರ ಒಂದು ಚೂರು. ನಮ್ಮ ಹುಡುಗನಂತೂ ಯಾವ ಕಡತದಲ್ಲೂ ಇಲ್ಲ. ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಲೇಬೇಕು ಎಂದು ಕರ್ನಾಟಕ ಸರ್ಕಾರ ಆದೇಶ ಮಾಡಿದ್ದು 2024ರಲ್ಲಿ. ಖರ್ಚಿನ ಕಲಮು ಬರೆಯಲು ಇಷ್ಟು ತಡವಾಯಿತು.

ಕತೆ ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೀ ಔಷಧಿಯ ವಿಷಯ ಎಂದು ಬಿಡುತ್ತಿದ್ದೆ. ಕೆರೆ ಏರಿಯ ಕೆಳಗೆ ಒಬ್ಬಳು ಒಂಟಿ ಮುದುಕಿ ಇದ್ದಳು. ಗಂಡನಿಲ್ಲ, ಇದ್ದೊಬ್ಬ ಮಗಳನ್ನು ದೂರದೂರಿಗೆ ಕೊಟ್ಟಿದ್ದಳು. ಎರಡು ಎಮ್ಮೆ, ಒಂದು ಸೀಬೆಗಿಡ. ಹುಡುಗ ಸತ್ತ ಹಿಂದಿನ ದಿನ ಅವಳು ಅವನಿಗೆ ಒಂದು ಸೀಬೆಹಣ್ಣು ಕೊಟ್ಟಿದ್ದಳು. ನನಗೂ ಕೊಟ್ಟಿದ್ದಳು, ಆದರೆ ಅದನ್ನು ಯಾರೂ ಎಣಿಸಲಿಲ್ಲ. ಹದಿಮೂರನೇ ದಿನದ ತಿಥಿ ಊಟದ ಹೊತ್ತಿಗೆ, ಅವಳೇ ಮಾಟ ಮಾಡಿದಳು ಎಂಬ ಮಾತು ಶುರುವಾಯಿತು. ಹಾವು ಸಿಕ್ಕಿತ್ತಲ್ಲ ಎಂದು ಯಾರೋ ಅಂದರೆ, ‘ಅಷ್ಟು ಜನ ಮಲಗಿದ್ದರು, ಅವನನ್ನೇ ಯಾಕೆ ಹುಡುಕಿಕೊಂಡು ಬಂತು?’ ಎಂಬ ಉತ್ತರ ತಯಾರಿತ್ತು. ಅವಳನ್ನು ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅವಳ ಮನೆಯ ಮಜ್ಜಿಗೆ ತರುವುದನ್ನು ನಿಲ್ಲಿಸಿದರು. ಬಾವಿಕಟ್ಟೆಯಲ್ಲಿ ಅವಳು ಬಂದರೆ ಉಳಿದವರು ಕೊಡ ಎತ್ತಿಕೊಂಡರು. ನಮ್ಮಮ್ಮ ನನ್ನ ಕೈಹಿಡಿದು ದಾರಿಯ ಈ ಬದಿಗೆ ಎಳೆದುಕೊಂಡದ್ದು ನೆನಪಿದೆ. ಮುಂದಿನ ಯುಗಾದಿಯ ಹೊತ್ತಿಗೆ ಎಮ್ಮೆಗಳನ್ನು ಮಾರಿ ಅವಳು ಮಗಳ ಊರಿಗೆ ಹೋಗಿಬಿಟ್ಟಳು.

‘ಯಾಕೆ ಹೀಗಾಯಿತು?’ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದಾಗ ಅದು ತಾನಾಗಿಯೇ ‘ಯಾರು ಮಾಡಿದರು?’ ಎಂದು ತಿರುಗುತ್ತದೆ. ತಿರುಗಿದ ಬೆರಳು ಊರಿನಲ್ಲಿ ಯಾರು ಎಲ್ಲರಿಗಿಂತ ಒಂಟಿಯೋ ಅವರ ಮೇಲೆ ಹೋಗಿ ನಿಲ್ಲುತ್ತದೆ. ಪಟೇಲರು ಮಾಟ ಮಾಡಿಸಿದ್ದಾರೆ ಎಂದು ನಮ್ಮೂರಲ್ಲಿ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಬೀದರ್, ಕಲಬುರಗಿ ಕಡೆ ಬಾನಾಮತಿ ಎಂಬ ಹೆಸರಿನಲ್ಲಿ ನಡೆದದ್ದೂ ಇದರ ಅಣ್ಣತಮ್ಮನೇ. ಮನೆಯ ಮೇಲೆ ಕಲ್ಲು ಬೀಳುತ್ತದೆ, ಗಂಟಿನಲ್ಲಿಟ್ಟ ಬಟ್ಟೆ ಹೊತ್ತಿಕೊಳ್ಳುತ್ತದೆ, ಹೆಂಗಸರು ನಾಯಿಯ ಹಾಗೆ ಬೊಗಳತೊಡಗುತ್ತಾರೆ. ಅತ್ತು ಹೇಳಿಕೊಳ್ಳಲಾಗದ ಸಂಕಟ ಆ ಹೆಂಗಸರ ಬಾಯಲ್ಲಿ ಬೊಗಳುವಿಕೆಯಾಗಿ ಬರುತ್ತಿರಬಹುದು ಎಂದು ಯೋಚಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ಮಾಡಿದವರು ಯಾರು ಎಂಬುದರ ಹುಡುಕಾಟ ಮೊದಲಾಗುತ್ತದೆ. ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರು ದೆವ್ವ, ಮೈದುಂಬುವುದು, ಮಾನಸಿಕ ಕಾಯಿಲೆ ಇವುಗಳ ಬಗ್ಗೆ ಹಳ್ಳಿಯವರಿಗೂ ಅರ್ಥವಾಗುವ ಕನ್ನಡದಲ್ಲಿ ದಶಕಗಟ್ಟಲೆ ಬರೆದರು. ಆ ಸಣ್ಣ ಸಣ್ಣ ಪುಸ್ತಕಗಳು ಎಷ್ಟು ಬೆರಳುಗಳನ್ನು ಕೆಳಗಿಳಿಸಿರಬಹುದೋ.

ಇಳಿಸಲಾಗದ ಕಡೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಏರ್ವಾಡಿಯ ನೆನಪೊಂದೇ ಸಾಕು. ಅಲ್ಲಿನ ದರ್ಗಾದ ಸುತ್ತ ಬುದ್ಧಿಭ್ರಮಣೆಯಾದವರನ್ನು ಇಟ್ಟುಕೊಳ್ಳುವ ಮನೆಗಳಿದ್ದವು. ಕನಸಿನಲ್ಲಿ ಅಪ್ಪಣೆಯಾಗುವವರೆಗೆ ಅಲ್ಲೇ ಇರಬೇಕೆಂಬ ನಂಬಿಕೆ. ಓಡಿಹೋಗದಂತೆ ಕಾಲಿಗೆ ಸರಪಳಿ. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥದ್ದೊಂದು ಗರಿಯ ಚಪ್ಪರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದ 28 ಮಂದಿ ಸತ್ತರು. ಅವರನ್ನು ತಂದುಬಿಟ್ಟವರಲ್ಲಿ ಪ್ರೀತಿಯಿಲ್ಲದವರು ಇದ್ದಿರಬಹುದು. ಸಾಲ ಮಾಡಿ, ಉಪವಾಸ ಮಾಡಿ, ಗುಣವಾಗುತ್ತದೆ ಎಂದು ನಂಬಿ ಬಿಟ್ಟುಹೋದ ಅಪ್ಪ ಅಮ್ಮಂದಿರೂ ಇದ್ದರು. ಮಾನಸಿಕ ಆರೋಗ್ಯದ 2017ರ ಕಾಯ್ದೆ ರೋಗಿಗೆ ಸರಪಳಿ ಹಾಕುವುದು ಯಾವ ರೂಪದಲ್ಲೂ ಕೂಡದು ಎನ್ನುತ್ತದೆ.

ಹಾಗಾದರೆ ನಂಬುವುದನ್ನೇ ಬಿಟ್ಟುಬಿಡಬೇಕೆ? ಹಾಗೆನ್ನಲು ನನಗೆ ನಾಲಿಗೆ ಬರುವುದಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಗಲ್ಲಿಗಳಿಂದ ಹಿಡಿದು ನಮ್ಮೂರಿನವರೆಗೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ನೋಡಿ ನಾನು ನಕ್ಕಿದ್ದೇನೆ. ರಾತ್ರಿ ಬಂದು ಗುರುತಿನ ದನಿಯಲ್ಲಿ ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ಹಿಂದಿರುಗುತ್ತದಂತೆ, ಮಾರನೆಯ ದಿನ ಬಂದು ಮತ್ತೆ ಅದನ್ನೇ ಓದುತ್ತದಂತೆ. ಅಕ್ಷರ ಬಲ್ಲ, ಸರ್ಕಾರಿ ಕಚೇರಿಗೆ ಅಲೆಯುವ ಪ್ರಜೆಯಷ್ಟೇ ತಾಳ್ಮೆಯ ದೆವ್ವ. ಅದಕ್ಕೆ ಖರ್ಚಾದದ್ದು ಒಂದು ಚೂರು ಸೀಮೆಸುಣ್ಣ. ನಮ್ಮಜ್ಜಿ ನಾನು ಊರಿಗೆ ಹೋದಾಗಲೆಲ್ಲ ಕಲ್ಲುಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟು ಬಾರದಿದ್ದರೆ ‘ನೋಡು, ಎಷ್ಟು ಜನರ ಕಣ್ಣು ಬಿದ್ದೈತೆ ನಿನ್ನ ಮೇಲೆ’ ಎನ್ನುತ್ತಿದ್ದಳು. ನನ್ನನ್ನು ಅಷ್ಟು ಜನ ನೋಡುತ್ತಾರೆಂದು ಜಗತ್ತಿನಲ್ಲಿ ನಂಬಿದ್ದವಳು ಅವಳೊಬ್ಬಳೇ. ವಾದ ಮಾಡಲು ನಾನು ಹೋಗಲಿಲ್ಲ.

ಭೂತ ಎಂಬ ಶಬ್ದವನ್ನೇ ನೋಡಿ. ನಮ್ಮ ಕಡೆ ಅದು ಮಕ್ಕಳನ್ನು ಹೆದರಿಸುವ ಮಾತು, ವ್ಯಾಕರಣದಲ್ಲಿ ಕಳೆದುಹೋದ ಕಾಲ. ಘಟ್ಟ ಇಳಿದರೆ ತುಳುನಾಡಿನಲ್ಲಿ ಅದು ದೈವ. ಜಮೀನಿನ ತಕರಾರು, ಕುಟುಂಬದ ಜಗಳ ತೀರ್ಮಾನಿಸುವ ಹಿರಿಯ. ಅಲ್ಲಿನ ನಾಗಬನಗಳಲ್ಲಿ ಮರಗಳು ಉಳಿದದ್ದು, ಕೊಡಗಿನ ದೇವರಕಾಡುಗಳಲ್ಲಿ ಕೊಡಲಿಯಾಡದೆ ಹೋದದ್ದು ಇಂಥದೇ ಭಯಭಕ್ತಿಯಿಂದ. ಕಾಣದ್ದನ್ನು ನಂಬುವವರನ್ನೆಲ್ಲ ಒಂದೇ ಕೋಲಿನಲ್ಲಿ ಹೊಡೆಯುವುದು ನನಗೆ ಒಗ್ಗದು. ನಾನು ಕೇಳುವುದು ಒಂದೇ: ಈ ನಂಬಿಕೆಯ ಬಿಲ್ಲು ಯಾರ ಹೆಸರಿಗೆ ಬರುತ್ತದೆ? ಅಜ್ಜಿಯ ದೃಷ್ಟಿಯ ಬಿಲ್ಲು ಅಜ್ಜಿಯೇ ಕಟ್ಟುತ್ತಿದ್ದಳು, ಮೂರು ಮೆಣಸಿನಕಾಯಿ. ಹುಣಿಸೆಮರದ ಗಾಳಿಯ ಬಿಲ್ಲನ್ನು ಕಟ್ಟಿದವರು ಒಂಬತ್ತು ವರ್ಷದ ಹುಡುಗ ಮತ್ತು ಎರಡು ಎಮ್ಮೆಯ ಮುದುಕಿ. ಅವರಿಬ್ಬರನ್ನೂ ಯಾರೂ ಕೇಳಿರಲಿಲ್ಲ.

ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ವಿಭೂತಿ, ಉಂಗುರ ಸೃಷ್ಟಿಸುತ್ತಾರೆಂದು ಹೆಸರಾದ ಸತ್ಯ ಸಾಯಿಬಾಬಾ ಅವರಿಗೆ, ನಮ್ಮ ಮುಂದೆ ಮಾಡಿ ತೋರಿಸಿ ಎಂದು ಕಾಗದ ಬರೆದರು. ಉತ್ತರ ಬರಲಿಲ್ಲ. ದೇಶದ ತುಂಬ ಗದ್ದಲವಾಯಿತು. ಖಾದಿ ಜುಬ್ಬ ತೊಟ್ಟು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ ಬದುಕಿದ ಆ ಮನುಷ್ಯನ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ಆದರೂ ಒಂದು ಮಾತು ಉಳಿಯುತ್ತದೆ. ಪರೀಕ್ಷೆಗೆ ಕರೆಯಲು ದೊಡ್ಡ ಬಾಬಾ ಸಿಗುತ್ತಾರೆ, ವಿಳಾಸವೂ ಇರುತ್ತದೆ. ನಮ್ಮ ಮಂತ್ರದಜ್ಜನಿಗೆ ಕಾಗದ ಬರೆಯುವವರು ಯಾರು? ಬರೆದಿದ್ದರೆ ಅವನು ಬಂದಿರುತ್ತಿದ್ದ, ಬೇವಿನ ಕೊಂಬೆ ಸಮೇತ.

ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ ಆದದ್ದು 2017ರಲ್ಲಿ, ಜಾರಿಗೆ ಬಂದದ್ದು 2020ರಲ್ಲಿ. ನಾಯಿ, ಹಾವು, ಚೇಳು ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ ತಂತ್ರ ಮಾಡುವುದನ್ನು ಅದು ಅಪರಾಧ ಎನ್ನುತ್ತದೆ. ಜ್ಯೋತಿಷ್ಯ, ವಾಸ್ತು, ಪ್ರದಕ್ಷಿಣೆಗಳ ತಂಟೆಗೆ ಹೋಗುವುದಿಲ್ಲ. ವಿಚಾರವಾದಿಗಳಿಗೆ ಇದು ಅರೆಮನಸ್ಸಿನ ಕಾಯ್ದೆ ಎನಿಸಿತು. ನನಗೆ ಆ ಹಾವಿನ ಕಲಮಿನಲ್ಲಿರುವ ‘ತಡೆದು’ ಎಂಬ ಮಾತು ಬಹಳ ಸರಿಯೆನಿಸುತ್ತದೆ. ಆದರೆ ಅಜ್ಜ ಯಾರನ್ನೂ ತಡೆದಿರಲಿಲ್ಲವಲ್ಲ. ನಮ್ಮನ್ನು ತಡೆದದ್ದು ನಮ್ಮ ನಿರಾಳ.

ಇನ್ನೊಂದನ್ನೂ ಹೇಳದೆ ಬಿಟ್ಟರೆ ಅನ್ಯಾಯ. ಜನ ಅಜ್ಜನ ಹತ್ತಿರ ಹೋಗುತ್ತಿದ್ದದ್ದು ನಂಬಿಕೆಯೊಂದರಿಂದಲೇ ಅಲ್ಲ. ಅವನು ಮೂರು ಮನೆ ಆಚೆ ಇದ್ದ, ಕರೆದರೆ ಬರುತ್ತಿದ್ದ, ಬೆಳಗಿನವರೆಗೆ ಪಕ್ಕದಲ್ಲಿ ಕೂತಿರುತ್ತಿದ್ದ. ಕಾಲು ಮುಟ್ಟಿ ನೋಡುತ್ತಿದ್ದ. ಆಸ್ಪತ್ರೆಗೆ ಹೋದರೆ ಡಾಕ್ಟರು ಇದ್ದಾರೋ ಇಲ್ಲವೋ, ಇದ್ದರೂ ಔಷಧಿ ಇಲ್ಲ, ಜಿಲ್ಲಾಸ್ಪತ್ರೆಗೆ ಒಯ್ಯಿರಿ ಎಂಬ ಉತ್ತರ. ಹಾವಿನ ವಿಷಕ್ಕೆ ಮದ್ದನ್ನು ಕುದುರೆಗೆ ಸ್ವಲ್ಪಸ್ವಲ್ಪವಾಗಿ ವಿಷ ಕೊಟ್ಟು ಅದರ ರಕ್ತದಿಂದ ತೆಗೆಯುತ್ತಾರೆ. ಮೊದಲ ಸಲಕ್ಕೇ 8ರಿಂದ 10 ಸೀಸೆ ಬೇಕಾಗುತ್ತದೆ. ಅದು ಫ್ರಿಜ್ಜಿನಲ್ಲಿದ್ದು, ಕೊಡುವ ಕೈ ಅಲ್ಲಿದ್ದು, ಕೊಡಲು ಹೆದರದಿದ್ದರೆ ತಾನೆ ಮಂತ್ರಕ್ಕಿಂತ ಮೇಲು? ವಿಜ್ಞಾನವನ್ನು ನಂಬಿ ಎಂದು ಹೇಳುವವರು ಮೊದಲು ಅದನ್ನು ಮೂರು ಮನೆ ಆಚೆಗೆ ತಂದಿಡಬೇಕು.

2010ರ ಕಾರ್ತಿಕದಲ್ಲಿ ಊರಿನಲ್ಲಿದ್ದೆ. ಹುಲ್ಲಿನ ಮೆದೆ ಎಳೆಯುತ್ತಿದ್ದ ನಮ್ಮ ಆಳಿಗೆ ಕೊಳಕುಮಂಡಲ ಕಚ್ಚಿತು. ಕಾಲು ನೋಡನೋಡುತ್ತಲೇ ಊದಿತು. ಯಾರೋ ಹೋಗಿ ಅಜ್ಜನಿಗೆ ಹೇಳಿದ್ದರು. ಎಪ್ಪತ್ತೈದು ದಾಟಿದ್ದ, ಕೋಲೂರಿಕೊಂಡು ಬಂದ. ಮೆಣಸಿನಕಾಯಿ ತರಲು ಒಳಗೆ ಓಡಿದ ಹುಡುಗಿಯನ್ನು ತಡೆದ. ‘ಗಾಡಿಗೆ ಹೇಳಿದ್ರಾ?’ ಎಂಬುದು ಅವನ ಮೊದಲ ಮಾತು. 108 ಬರುವವರೆಗೆ ಆಳಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿಯಲ್ಲೇ ಏನೋ ಹೇಳುತ್ತಿದ್ದ. ಗಾಡಿ ಬಂದಾಗ ತಾನೂ ಹತ್ತಿದ.

ಆಸ್ಪತ್ರೆಯಲ್ಲಿ ನರ್ಸಮ್ಮ ಒಂದಿಷ್ಟು ರಕ್ತ ತೆಗೆದು ಗಾಜಿನ ಕೊಳವೆಗೆ ಹಾಕಿ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದರು. ಯಾರೂ ಮುಟ್ಟಬೇಡಿ, ಇಪ್ಪತ್ತು ನಿಮಿಷ ಎಂದರು. ಹೆಪ್ಪುಗಟ್ಟಿದರೆ ಸದ್ಯಕ್ಕೆ ಭಯವಿಲ್ಲ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ. ಅಜ್ಜ ಬೆಂಚಿನ ತುದಿಯಲ್ಲಿ ಕೂತು ಆ ಕೊಳವೆಯನ್ನೇ ನೋಡುತ್ತಿದ್ದ. ಇಪ್ಪತ್ತು ನಿಮಿಷ ಕಣ್ಣು ಕದಲಿಸಲಿಲ್ಲ. ನರ್ಸಮ್ಮ ಬಂದು ಓರೆ ಮಾಡಿದರು, ರಕ್ತ ನೀರಿನ ಹಾಗೆ ಹರಿಯಿತು. ತಕ್ಷಣ ಡ್ರಿಪ್ ಹಾಕಿದರು. ಆರು ಗಂಟೆ ಬಿಟ್ಟು ಮತ್ತೆ ಅದೇ ಪರೀಕ್ಷೆ. ಆ ಸಲ ಓರೆ ಮಾಡಿದರೆ ರಕ್ತ ಮಿಸುಕಲಿಲ್ಲ. ಅಜ್ಜ ಕೊಳವೆಯನ್ನು ಕೈಗೆ ಈಸಿಕೊಂಡು ತಾನೂ ಒಮ್ಮೆ ಓರೆ ಮಾಡಿ ನೋಡಿ ವಾಪಸು ಕೊಟ್ಟ.

ರಾತ್ರಿಯ ಕೊನೆಯ ಬಸ್ಸಿನಲ್ಲಿ ಇಬ್ಬರೇ ಊರಿಗೆ ಹೊರಟೆವು. ಅರ್ಧ ದಾರಿಯವರೆಗೆ ಅಜ್ಜ ಮಾತಾಡಲಿಲ್ಲ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ:

‘ನಿಮ್ಮ ಚಿಕ್ಕಪ್ಪನ ಮಗನ್ನ ಅವತ್ತು ಪಟೇಲರ ಜೀಪಿನಾಗೆ ಇಲ್ಲಿಗೆ ತಂದಿದ್ರೆ ಉಳೀತಿದ್ನೇನಪ್ಪ?’

ಇಪ್ಪತ್ತಾರು ವರ್ಷದಿಂದ ನನ್ನ ಹತ್ತಿರ ಆ ಪ್ರಶ್ನೆಗೆ ಉತ್ತರ ತಯಾರಿತ್ತು. ಸೀಟಿನ ಕಂಬಿ ಹಿಡಿದಿದ್ದ ಅವನ ಕೈ ನೋಡಿದೆ. ಬೆರಳುಗಳು ನಡುಗುತ್ತಿದ್ದವು.

‘ಇಲ್ಲ ಅಜ್ಜ,’ ಎಂದೆ. ‘ಅವನ ಆಯಸ್ಸು ಅಷ್ಟೇ ಇತ್ತು.’